ಕ್ಯೂ ರಿಪೇರಿಗೆ ಯಾರ ಕೈಗೆ ಕೊಡಲಿ?

ಪ್ರಶ್ನೆ: ಮೂರು ವರ್ಷದಿಂದ ಪೂಲ್ (ಮೇಜಿನ ಮೇಲೆ ಕೋಲಿನಿಂದ ಚೆಂಡು ಹೊಡೆಯುವ ಆಟ) ಆಡುತ್ತಿದ್ದೇನೆ. ಹೋದ ತಿಂಗಳು ನನ್ನ ಕ್ಯೂನ, ಅಂದರೆ ಆಡುವ ಕೋಲಿನ, ಟಿಪ್ (ತುದಿಯ ಚರ್ಮದ ಚೂರು) ಕಿತ್ತುಬಂತು. ಅದರ ಕೆಳಗಿನ ಬಿಳಿ ಫೆರೂಲ್‌ನಲ್ಲೂ (ಟಿಪ್ ಕೂರುವ ಬಳೆ) ಸಣ್ಣ ಬಿರುಕು ಕಾಣುತ್ತಿದೆ. ಅಂಗಡಿಯವರು ಹೊಸದು ತಗೊಳ್ಳಿ ಅನ್ನುತ್ತಾರೆ. ರಿಪೇರಿ ಮಾಡುವ ಒಳ್ಳೆ ಕೆಲಸಗಾರರನ್ನು ಗುರುತಿಸುವುದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಹೊಸದು ಕೊಳ್ಳಬೇಡಿ. ಟಿಪ್ ಇರುವುದೇ ಸವೆಯುವುದಕ್ಕೆ. ಫೆರೂಲ್ ಕೂಡ ಬದಲಾಯಿಸಬಹುದು. ಮೂರು ವರ್ಷ ನಿಮ್ಮ ಕೈಗೆ ಹೊಂದಿಕೊಂಡ ಕೋಲನ್ನು ಇಷ್ಟಕ್ಕೇ ಬಿಡೋದಾ?

ಆದರೆ ಯಾರ ಕೈಗೆ ಕೊಡುತ್ತೀರಿ ಅನ್ನುವುದು ನಿಜಕ್ಕೂ ಮುಖ್ಯ, ಇದನ್ನು ನಾನು ನಷ್ಟ ಮಾಡಿಕೊಂಡು ಕಲಿತಿದ್ದೇನೆ. ಕೆಲವು ವರ್ಷದ ಹಿಂದೆ ಒಂದು ಕಡೆ ಬರೀ ಟಿಪ್ ಹಾಕಿಸಲು ಕೊಟ್ಟಿದ್ದೆ. ವಾಪಸ್ ಬಂದಾಗ ಶಾಫ್ಟ್, ಅಂದರೆ ಕೋಲಿನ ಮುಂದಿನ ತುಂಡು, ಫಳಫಳ ಹೊಳೆಯುತ್ತಿತ್ತು. ನನಗೂ ಖುಷಿಯಾಯಿತು. ಮೇಜಿನ ಮುಂದೆ ನಿಂತು ಕೈಯಲ್ಲಿ ಹಿಡಿದಾಗಲೇ ಗೊತ್ತಾಗಿದ್ದು, ಕೋಲು ಸಣ್ಣಗಾಗಿದೆ ಅಂತ. ಕ್ಲೀನ್ ಮಾಡುತ್ತೇನೆ ಅಂತ ಸ್ಯಾಂಡ್‌ಪೇಪರ್ ಹಿಡಿದು ಮರವನ್ನೇ ಉಜ್ಜಿ ತೆಗೆದಿದ್ದರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ಹೋದ ಮರ ಮತ್ತೆ ಬರುವುದಿಲ್ಲ, ಅಲ್ವಾ?

ಆಮೇಲೆ ಅದನ್ನು ಬೆಂಗಳೂರಿನಲ್ಲಿ ಒಬ್ಬ ಹಿರಿಯರ ಹತ್ತಿರ ತೆಗೆದುಕೊಂಡು ಹೋದೆ. ಹಿಂದೆ ಕ್ಲಬ್ಬಿನಲ್ಲಿ ಆಟದ ಸ್ಕೋರ್ ಬರೆಯುವ ಮಾರ್ಕರ್ ಆಗಿದ್ದವರು. ಅವರು ರೇಟ್ ಹೇಳಲೇ ಇಲ್ಲ. ಮೊದಲು ಒಂದು ಕಣ್ಣು ಮುಚ್ಚಿ ಕೋಲಿನ ಉದ್ದಕ್ಕೂ ನೋಡಿದರು, ಮೇಜಿನ ಮೇಲೆ ಉರುಳಿಸಿದರು, ಬುಡವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ ಕಿವಿಗೊಟ್ಟು ಕೇಳಿದರು, ಯಾಕೆಂದರೆ ಕೋಲಿನ ಎರಡು ತುಂಡು ಸೇರುವ ಜಾಯಿಂಟ್ ಅಥವಾ ಫೆರೂಲ್ ಸಡಿಲವಾಗಿದ್ದರೆ ಝುಂ ಅಂತ ಸದ್ದು ಬರುತ್ತದೆ. ಆಮೇಲೆ ವರ್ನಿಯರ್ ಇಟ್ಟು ತುದಿ ಅಳೆದರು. "ಬ್ರೇಕ್ ಹೊಡೆಯೋಕೂ ಇದೇ ಕೋಲಾ? ಸ್ಪಿನ್ ಜಾಸ್ತಿ ಹಾಕ್ತೀರಾ?" ಅಂತ ಕೇಳಿದರು (ಬ್ರೇಕ್ ಅಂದರೆ ಆಟ ಶುರು ಮಾಡುವ ಮೊದಲ ಹೊಡೆತ). ಕೊನೆಗೆ ಹೇಳಿದ್ದು ಇಷ್ಟು: "ಹೋದ ಮರ ನಾನು ತರೋಕಾಗಲ್ಲ ಸಾರ್. ಈಗಿರೋ ಅಳತೆಗೆ ಸರಿಯಾಗಿ ಫೆರೂಲ್, ಟಿಪ್ ಕೂರಿಸಿ ಕೊಡ್ತೀನಿ. ಒಂದು ತಿಂಗಳು ಆಡಿ ನೋಡಿ, ಕೈಗೆ ಹಿಡಿಸದಿದ್ರೆ ಶಾಫ್ಟ್ ಒಂದೇ ಬದಲಾಯಿಸೋಣ." ನನಗೆ ಅಲ್ಲೇ ನಂಬಿಕೆ ಬಂತು. ತನ್ನಿಂದ ಆಗದ್ದನ್ನು ಮೊದಲೇ ಹೇಳಿದರಲ್ಲ, ಅದಕ್ಕೆ. ಕೆಲಸ ಮುಗಿದಾಗ ತೆಗೆದ ಹಳೆ ಫೆರೂಲನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಜಾಯಿಂಟ್ ಬಿಗಿ ಮಾಡಿದ್ದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಎರಡು ವಾರ ಬಿಟ್ಟು ಅವರೇ ಫೋನ್ ಮಾಡಿ, ಟಿಪ್ ಹೇಗೆ ಕೂತಿದೆ ಅಂತ ವಿಚಾರಿಸಿದರು. ಈಗಲೂ ಅದೇ ಕೋಲಿನಲ್ಲಿ ಆಡುತ್ತಿದ್ದೇನೆ.

ನೀವು ಗಮನಿಸಬೇಕಾದ್ದು ಟಿಪ್ ಹಾಕುವ ರೀತಿ. ಹಳೆ ಅಂಟನ್ನು ಪೂರ್ತಿ ಕೆರೆದು ತೆಗೆಯಬೇಕು, ಫೆರೂಲ್‌ನ ಮೇಲ್ಭಾಗ ಸಮತಟ್ಟಾಗಿರಬೇಕು. ಸ್ವಲ್ಪ ಓರೆಯಾದರೂ ಟಿಪ್ ಸರಿಯಾಗಿ ಕೂರುವುದಿಲ್ಲ, ಬೇಗ ಹಾರಿಹೋಗುತ್ತದೆ. ನಿಮ್ಮದು ಹಾರಿದ್ದೂ ಇದಕ್ಕೇ ಇರಬಹುದು. ಟಿಪ್‌ನ ಬದಿ ಕತ್ತರಿಸುವಾಗ ಬ್ಲೇಡು ಫೆರೂಲ್‌ಗೆ ತಾಗಬಾರದು. ಟಿಪ್‌ನ ಮೇಲಿನ ಗುಮ್ಮಟದ ಆಕಾರಕ್ಕೆ ಅಮೆರಿಕದವರು ತಮ್ಮ ನಿಕ್ಕಲ್ ಅಥವಾ ಡೈಮ್ ನಾಣ್ಯದ ಅಂಚಿನ ಬಾಗನ್ನು ಅಳತೆಯಾಗಿ ಹೇಳುತ್ತಾರೆ. ನಮ್ಮ ಈಗಿನ ಒಂದು ರೂಪಾಯಿ ನಾಣ್ಯ ಹೆಚ್ಚುಕಮ್ಮಿ ಆ ನಿಕ್ಕಲ್‌ನಷ್ಟೇ ಇದೆ, ಅದನ್ನೇ ಪಕ್ಕಕ್ಕೆ ಹಿಡಿದು ನೋಡಿ. ಕೋಲಿನ ತುದಿಗೆ ಚರ್ಮ ಹಾಕುವ ಉಪಾಯ ಕಂಡುಹಿಡಿದವರು ಫ್ರಾನ್ಸಿನ ಫ್ರಾಂಸ್ವಾ ಮಿಂಗೋ, ಅದೂ 19ನೇ ಶತಮಾನದ ಆರಂಭದಲ್ಲಿ ಜೈಲಿನಲ್ಲಿದ್ದಾಗ, ಅಂತ ಹೇಳುತ್ತಾರೆ. ಚೆಂಡಿಗೆ ನಾವು ಕೊಡುವ ಸ್ಪಿನ್ ಪೂರ್ತಿ ಆ ಚೂರು ಚರ್ಮದ ಹಿಡಿತದ ಮೇಲೆ ನಿಂತಿದೆ, ಹಾಗಾಗಿ ಅಲ್ಲಿ ಅವಸರ ಮಾಡುವವರಿಗೆ ಕೊಡಬೇಡಿ.

ಇನ್ನೊಂದು ಮಾತು. ನಮ್ಮಲ್ಲಿ ಸ್ನೂಕರ್ ಕ್ಯೂ ರಿಪೇರಿ ಮಾಡಿ ಕೈ ಪಳಗಿದವರು ಜಾಸ್ತಿ ಸಿಗುತ್ತಾರೆ. ಸ್ನೂಕರ್ ಕ್ಯೂನ ತುದಿ ಸಾಮಾನ್ಯವಾಗಿ 9.5ರಿಂದ 10 ಮಿಲಿಮೀಟರ್, ಫೆರೂಲ್ ಹಿತ್ತಾಳೆಯದು. ಪೂಲ್ ಕ್ಯೂನದು 12-13 ಮಿಲಿಮೀಟರ್. "ಪೂಲ್ ಕ್ಯೂ ಕೆಲಸ ಮಾಡಿದ್ದೀರಾ?" ಅಂತ ನೇರವಾಗಿ ಕೇಳಿ. ಒಳ್ಳೆ ಕೆಲಸಗಾರರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಪ್ರಶ್ನೆ: ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಕ್ಯೂ ಬೆಂಡ್ ಆಗಿದೆ. ಉರುಳಿಸಿದರೆ ಕುಣಿಯುತ್ತದೆ. ನೇರ ಮಾಡಿಸಬಹುದಾ?
– ಓದುಗರು, ಮಂಗಳೂರು

ಉತ್ತರ: ಮೊದಲು ಎರಡೂ ತುಂಡು ಬಿಚ್ಚಿ ಬೇರೆ ಬೇರೆಯಾಗಿ ಉರುಳಿಸಿ. ಎರಡೂ ನೇರ ಉರುಳಿದರೆ ತಪ್ಪು ಮರದ್ದಲ್ಲ, ಜಾಯಿಂಟ್‌ನದು. ಎಷ್ಟೋ ಸಲ ಅಲ್ಲಿ ಕೂತ ಕೊಳೆ ಒರೆಸಿದರೆ ಸಾಕು. ಶಾಫ್ಟೇ ಬಾಗಿದ್ದರೆ ಕಷ್ಟ. ತೇವ ಕುಡಿದು ಬಾಗಿದ ಮರವನ್ನು ನೇರ ಮಾಡಿದರೂ ಮತ್ತೆ ಬಾಗಬಹುದು. "ಗ್ಯಾರಂಟಿ ಕೊಡೋಕಾಗಲ್ಲ" ಅನ್ನುವವರ ಹತ್ತಿರವೇ ಹೋಗಿ. ಇನ್ನು ಮೇಲೆ ಗೋಡೆಗೆ ಒರಗಿಸಿ ಇಡಬೇಡಿ, ಬಿಸಿಲಲ್ಲಿ ನಿಂತ ಕಾರಿನಲ್ಲೂ ಬಿಡಬೇಡಿ.

ಪ್ರಶ್ನೆ: ರಿಪೇರಿಗೆ ಕೊಟ್ಟು ಮೂರು ವಾರ ಆಯಿತು. ಸುಮ್ನೆ ಕಾಯಬೇಕಾ?
– ಓದುಗರು, ಶಿವಮೊಗ್ಗ

ಉತ್ತರ: ಯಾಕೆ ತಡ ಅಂತ ಅವರು ಹೇಳಿದ್ದರೆ ಕಾಯಿರಿ. ಸರಿಯಾದ ಫೆರೂಲ್ ತರಿಸಬೇಕಾಗಿರಬಹುದು, ಅಂಟು, ಪಾಲಿಶ್ ಒಣಗಲೂ ಹೊತ್ತು ಬೇಕು. ಏನೂ ಹೇಳಿಲ್ಲ ಅಂದರೆ ಇವತ್ತೇ ಹೋಗಿ, ನನ್ನ ಕ್ಯೂ ತೋರಿಸಿ ಅಂತ ಕೇಳಿ. ಕೆಲಸ ಶುರುವಾಗದಿದ್ದರೆ ವಾಪಸ್ ತೆಗೆದುಕೊಂಡು ಬನ್ನಿ.