1978ರ ಅಂಬಾಸಿಡರ್: ಪೆಟ್ರೋಲ್ ಮುಳ್ಳು ಏಳೋದಿಲ್ಲ, ಲೈಟ್ ಹಾಕಿದ್ರೆ ಟೆಂಪರೇಚರ್ ಮುಳ್ಳು ಏರುತ್ತೆ. ಪೂರ್ತಿ ವೈರಿಂಗ್ ಬದಲಿಸಬೇಕಾ?

ಪೂರ್ತಿ ವೈರಿಂಗ್ ಬದಲಿಸಬೇಕು ಅಂತ ನಿಮ್ಮ ಎಲೆಕ್ಟ್ರೀಷಿಯನ್ ಹೇಳಿದ್ದಕ್ಕೆ ಈಗಲೇ ಹೂಂ ಅನ್ನಬೇಡ್ರಿ. ಕಲಬುರಗಿಯ ನಿಮ್ಮ ಮಾರ್ಕ್ 3 ಗಾಡಿ ಬಗ್ಗೆ ನೀವು ಬರೆದದ್ದು ಮೂರು ಮಾತು. ಟ್ಯಾಂಕ್ ತುಂಬಿಸಿದರೂ ಪೆಟ್ರೋಲ್ ಮುಳ್ಳು ಖಾಲಿಯಲ್ಲೇ ಮಲಗಿರುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಟೆಂಪರೇಚರ್ ಮುಳ್ಳು ಮೇಲೇರುತ್ತದೆ. ಮೀಟರ್ ಬಲ್ಬು ಮಿಣಿಮಿಣಿ ಅನ್ನುತ್ತದೆ. ಇದರಲ್ಲಿ ಎರಡನೆಯದೂ ಮೂರನೆಯದೂ ಬಹುಪಾಲು ಒಂದೇ ರೋಗ: ಡ್ಯಾಶ್‌ಬೋರ್ಡಿನ ಅರ್ಥ್, ಅಂದರೆ ಕರೆಂಟು ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ಮರಳುವ ದಾರಿ, ಸಡಿಲಾಗಿದೆ. ಸ್ವಿಚ್ ಒತ್ತಿದ ಕ್ಷಣಕ್ಕೆ ಎಂಜಿನ್ ನೀರು ಕಾಯುವುದಿಲ್ಲವಲ್ಲ! ಪೆಟ್ರೋಲ್ ಮುಳ್ಳಿನದು ಬೇರೆ ಕಥೆ, ಅದರ ಬೇರು ಹೆಚ್ಚಾಗಿ ಟ್ಯಾಂಕಿನ ಕಡೆ ಇರುತ್ತದೆ.

ಬೇಕಾದ ಸಾಮಾನು: ಒಂದು ಮಲ್ಟಿಮೀಟರ್, 12 ವೋಲ್ಟ್ 21 ವ್ಯಾಟ್ ಬಲ್ಬಿಗೆ ಎರಡು ವೈರ್ ಬೆಸೆದು ಮಾಡಿದ ಟೆಸ್ಟ್ ಲ್ಯಾಂಪ್, ಎರಡೂ ತುದಿಗೆ ಕ್ಲಿಪ್ ಇರುವ ಮೂರು ಮೀಟರ್ ವೈರ್, ಎಮೆರಿ ಪೇಪರ್. ಬಾನೆಟ್ ಎತ್ತಿದ ಮೇಲೆ ಮೊದಲು ನೋಡಬೇಕಾದ್ದು ಬ್ಯಾಟರಿಯ ಯಾವ ತುದಿ ಗಾಡಿಯ ಬಾಡಿಯ ತಗಡಿಗೆ ಹೋಗಿದೆ ಅನ್ನೋದು. ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಪ್ಲಸ್ ಅರ್ಥ್ ಇದ್ದದ್ದೂ ಉಂಟು. ಮುಂದೆ ಬರೆದದ್ದೆಲ್ಲ ಮೈನಸ್ ಅರ್ಥ್ ಗಾಡಿಗೆ.

ಮಲ್ಟಿಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೇ ಒತ್ತಿ ಹಿಡಿಯಿರಿ. ಕ್ಲಾಂಪಿಗಲ್ಲ, ಸೀಸದ ಕಂಬಕ್ಕೆ. ಕೆಂಪು ಕಡ್ಡಿ ಮೀಟರಿನ ಲೋಹದ ಡಬ್ಬಿಗೆ. ಇಗ್ನಿಷನ್, ಹೆಡ್‌ಲೈಟ್ ಎರಡೂ ಆನ್. 0.1 ವೋಲ್ಟ್ ಒಳಗಿದ್ದರೆ ಅರ್ಥ್ ಗಟ್ಟಿ. 0.2 ದಾಟಿದರೆ ಕೆಟ್ಟಿದೆ. ನಿಮ್ಮ ಲಕ್ಷಣ ನೋಡಿದರೆ ಒಂದು ವೋಲ್ಟಿಗೂ ಮೇಲೆ ತೋರಿಸೀತು. ಈಗ ಕ್ಲಿಪ್ ವೈರಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಮೀಟರ್ ಡಬ್ಬಿಗೆ ಹಚ್ಚಿ. ಬಲ್ಬು ಬೆಳಗಿ ಮುಳ್ಳು ನಿಧಾನಕ್ಕೆ ಇಳಿದರೆ ರೋಗ ಸಿಕ್ಕಿತು, ಅದೂ ಪುಕ್ಕಟೆ.

ಔಷಧಿಯೂ ದೊಡ್ಡದಲ್ಲ. ಬ್ಯಾಟರಿಯ ಮೈನಸ್ ಕಳಚಿ. ಮೀಟರ್ ಹಿಂದಿನ ಕಪ್ಪು ವೈರು ಬಾಡಿಗೆ ಕೂರುವ ಜಾಗ ಹುಡುಕಿ, ಬಣ್ಣ, ತುಕ್ಕು ಕೆರೆದು ತಗಡು ಹೊಳೆಯುವ ಹಾಗೆ ಮಾಡಿ. ವೈರಿನ ತುದಿಗೆ ಹೊಸ ರಿಂಗ್ ಥಿಂಬಲ್ (ಸ್ಕ್ರೂ ಹಾಕುವ ಉಂಗುರ), ಕೆಳಗೊಂದು ಹಲ್ಲಿನ ವಾಷರ್, ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್. ನಾನಾದರೆ ಹಳೆಯ ವೈರನ್ನು ನಂಬದೆ 2.5 ಚದರ ಮಿ.ಮೀ. ಕಪ್ಪು ವೈರೊಂದನ್ನು ಬೇರೆಯಾಗಿ ಎಳೆಯುತ್ತೇನೆ. ಎಂಜಿನ್ನಿನಿಂದ ಬಾಡಿಗೆ ಹೋಗುವ ಹೆಣೆದ ಅರ್ಥ್ ಪಟ್ಟಿಯನ್ನೂ ಇದೇ ಹೊತ್ತಿಗೆ ನೋಡಿ. ಅದು ಕಡಿದಿದ್ದರೆ ಸ್ಟಾರ್ಟರಿನ ಕರೆಂಟು ದಾರಿ ಹುಡುಕಿಕೊಂಡು ಚೋಕ್ ಕೇಬಲ್, ಸ್ಪೀಡೋಮೀಟರ್ ಕೇಬಲ್ ಮೂಲಕ ಹರಿಯುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ ಬಿಸಿಯಾದರೆ ಕಾರಣ ಅದೇ.

ಅರ್ಥ್ ಕೆಟ್ಟರೆ ಮುಳ್ಳು ಬೀಳುವ ಬದಲು ಏರೋದು ಯಾಕೆ? ಮೀಟರ್ ಹಿಂದೆ ಬೆಂಕಿಪೆಟ್ಟಿಗೆಗಿಂತ ಚಿಕ್ಕದೊಂದು ತಗಡಿನ ಡಬ್ಬಿ, ಅದರ ಮೇಲೆ ಬಿ ಮತ್ತು ಐ ಅನ್ನುವ ಇಂಗ್ಲಿಷ್ ಅಕ್ಷರ ಇದೆಯಾ ನೋಡಿ. ಅದು ವೋಲ್ಟೇಜ್ ಸ್ಟೆಬಿಲೈಜರ್. ಒಳಗೆ ಎರಡು ಲೋಹ ಬೆಸೆದ ಒಂದು ಪಟ್ಟಿ ಕಾದು ಬಾಗಿ ಸಂಪರ್ಕ ಬಿಡುತ್ತದೆ, ತಣಿದು ಮತ್ತೆ ಕೂಡುತ್ತದೆ. ಹೀಗೆ ಮಿಟುಕಿ ಮಿಟುಕಿ ಎರಡೂ ಮೀಟರಿಗೆ ಸರಾಸರಿ 10 ವೋಲ್ಟ್ ಕೊಡುತ್ತದೆ. ಪಟ್ಟಿ ಕಾಯುವುದಕ್ಕೆ ಡಬ್ಬಿಗೆ ಅರ್ಥ್ ಬೇಕು. ಅರ್ಥ್ ತಪ್ಪಿದರೆ ಪಟ್ಟಿ ಕಾಯುವುದಿಲ್ಲ, ಸಂಪರ್ಕ ಬಿಡುವುದಿಲ್ಲ, ಬ್ಯಾಟರಿಯ ಪೂರ್ತಿ ವೋಲ್ಟೇಜು ಮೀಟರಿಗೆ ಹೋಗಿ ಮುಳ್ಳು ಏರುತ್ತದೆ. ಹಾಗಾಗಿ ಎರಡೂ ಮುಳ್ಳು ಕೂಡಿ ಏರಿದರೆ ಸ್ಟೆಬಿಲೈಜರಿನ ಅರ್ಥ್, ಎರಡೂ ಕೂಡಿ ಸತ್ತರೆ ಫ್ಯೂಸ್ ಅಥವಾ ಸ್ಟೆಬಿಲೈಜರ್, ಒಂದೇ ತಪ್ಪಿದರೆ ಆ ಮೀಟರಿನ ಸ್ವಂತ ದಾರಿ. ಇದೊಂದನ್ನು ನೆನಪಿಟ್ಟರೆ ಅರ್ಧ ಕೆಲಸ ಮುಗಿದ ಹಾಗೆ.

ಈ ಡಬ್ಬಿಯನ್ನು ಡಿಜಿಟಲ್ ಮೀಟರಿನಲ್ಲಿ ಅಳೆದರೆ ಅಂಕಿ 0ಕ್ಕೂ 12ಕ್ಕೂ ಕುಣಿಯುತ್ತದೆ. ಅದನ್ನೇ ನೋಡಿ ಕೆಟ್ಟಿದೆ ಅಂತ ಒಳ್ಳೆಯದನ್ನೇ ಎಸೆಯುವವರಿದ್ದಾರೆ. ಮುಳ್ಳಿನ ಹಳೇ ಮಾದರಿ ಮಲ್ಟಿಮೀಟರ್ ಇದ್ದರೆ ಅದರಲ್ಲಿ ನೋಡಿ, ಒಂದು ನಿಮಿಷ ಬಿಟ್ಟು ಬಡಿತ ಶುರುವಾಗಬೇಕು. ನಿಜಕ್ಕೂ ಸತ್ತಿದ್ದರೆ ಡಬ್ಬಿಯೊಳಗೆ 7810 ಅನ್ನುವ, 10 ವೋಲ್ಟ್ ಕೊಡುವ ಮೂರು ಕಾಲಿನ ಐಸಿ ಕೂರಿಸಬಹುದು. ಬರೆದ ಮುಖ ನಿಮ್ಮ ಕಡೆ ಇರುವಾಗ ಎಡಗಾಲು ಒಳಬರುವ 12 ವೋಲ್ಟ್, ನಡುವಿನದು ಅರ್ಥ್, ಬಲಗಾಲು ಹೊರಹೋಗುವ 10 ವೋಲ್ಟ್. ಒಳಕ್ಕೆ 0.33, ಹೊರಕ್ಕೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಅರ್ಥಿಗೆ ಸೇರಿಸಿ, ಐಸಿಯ ಬೆನ್ನಿನ ತಗಡನ್ನು ಡಬ್ಬಿಗೇ ಸ್ಕ್ರೂ ಮಾಡಿ. ಇದಕ್ಕೆ ಒಳಗೆ 12 ವೋಲ್ಟಾದರೂ ಸಿಗಬೇಕು, ಎಂಜಿನ್ ನಿಂತಾಗ ಬ್ಯಾಟರಿ ಕುಗ್ಗಿದ್ದರೆ ಮುಳ್ಳು ಸ್ವಲ್ಪ ಕಡಿಮೆ ತೋರಿಸುತ್ತದೆ. ಅದು ಬೇಡವಾದರೆ ಎಲ್‌ಎಂ 2940ರ 10 ವೋಲ್ಟ್ ಮಾದರಿ ತಗೊಳ್ರಿ, ಅದರ ಕಾಲುಗಳ ಕ್ರಮವೂ ಅದೇ, ಆದರೆ ಹೊರಗಡೆ 22 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೇಕೇ ಬೇಕು. ಊರಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಟಿಯ ಗುಜರಾತಿ ಗಲ್ಲಿಯಲ್ಲಿ ಕೇಳಿ. ಹಳೇ ಗಾಡಿ ಸಾಮಾನಿಗೆ ಹತ್ತಿರದಲ್ಲೇ ಪುತ್ಲಿಬೌಲಿ ಇದೆ, ಒಂದೇ ಓಡಾಟದಲ್ಲಿ ಎರಡೂ ಆಗುತ್ತದೆ.

ಇನ್ನು ಪೆಟ್ರೋಲ್ ಮುಳ್ಳು. ಇಲ್ಲಿ ಮೀಟರಿನ ಜಾತಿ ಗುರುತಿಸದೆ ಕೈ ಹಾಕಬಾರದು. ಗಾಡಿ ಇಷ್ಟು ವರ್ಷದಲ್ಲಿ ಎಷ್ಟು ಕೈ ದಾಟಿದೆಯೋ, ಕಾರ್ಖಾನೆಯಲ್ಲಿ ಕೂರಿಸಿದ ಮೀಟರೇ ಈಗಲೂ ಇದೆ ಅನ್ನೋ ಭರವಸೆ ಇಲ್ಲ. ಕೀಲಿ ತಿರುಗಿಸಿದಾಗ ಮುಳ್ಳು ತೂಕಡಿಸುತ್ತಾ ಹತ್ತಿಪ್ಪತ್ತು ಸೆಕೆಂಡಿಗೆ ಮೇಲೆದ್ದರೆ ಅದು ಕಾಯುವ ಪಟ್ಟಿಯ ಮಾದರಿ. ತಟ್ಟನೆ ಹಾರಿ, ಗಾಡಿ ಅಲುಗಿದ ಹಾಗೆಲ್ಲ ಅಲ್ಲಾಡಿದರೆ ಅದು ಕಾಯಿಲ್ ಮಾದರಿ, ಅದಕ್ಕೆ ಸ್ಟೆಬಿಲೈಜರ್ ಇರುವುದಿಲ್ಲ. ಇವೆರಡರ ಟ್ಯಾಂಕ್ ಫ್ಲೋಟ್, ಅಂದರೆ ಪೆಟ್ರೋಲಿನ ಮೇಲೆ ತೇಲಿ ಮಟ್ಟವನ್ನು ಮೀಟರಿಗೆ ತಿಳಿಸುವ ಭಾಗ, ಒಂದಕ್ಕೊಂದು ಉಲ್ಟಾ. ಪಟ್ಟಿ ಮಾದರಿಗೆ ಖಾಲಿಯಲ್ಲಿ 200 ಓಮಿಗೂ ಮೇಲೆ, ತುಂಬಿದಾಗ 20-30 ಓಮ್. ಬ್ರಿಟಿಷ್ ಕಾಯಿಲ್ ಮಾದರಿಗೆ ಖಾಲಿಯಲ್ಲಿ ಸೊನ್ನೆಯ ಹತ್ತಿರ, ತುಂಬಿದಾಗ 70-80 ಓಮ್. ಗುಜರಿಯಿಂದ ಇದರ ಫ್ಲೋಟ್ ತಂದು ಅದಕ್ಕೆ ಹಾಕಿದರೆ ಟ್ಯಾಂಕ್ ಖಾಲಿಯಾದಷ್ಟೂ ಮುಳ್ಳು ಏರುತ್ತದೆ, ಜೇವರ್ಗಿ ರಸ್ತೆಯಲ್ಲಿ ಫುಲ್ ತೋರಿಸುತ್ತಲೇ ಗಾಡಿ ನಿಲ್ಲುತ್ತದೆ.

ಪರೀಕ್ಷೆ ಹೀಗೆ. ಟ್ಯಾಂಕಿನ ಹತ್ತಿರ ಫ್ಲೋಟಿಗೆ ಬರುವ ವೈರ್ ಕಳಚಿ. ಬ್ರಿಟಿಷ್ ಬಿಡಿಭಾಗ ಕಂಪನಿ ಲೂಕಾಸ್‌ನ ವೈರ್ ಬಣ್ಣದ ಪದ್ಧತಿ ಉಳಿದಿದ್ದರೆ ಅದು ಹಸಿರಿಗೆ ಕಪ್ಪು ಗೆರೆ. ಪಟ್ಟಿ ಮಾದರಿಯಾದರೆ ಆ ವೈರನ್ನು ಬಾಡಿಗೆ ಮುಟ್ಟಿಸಿದಾಗ ಮುಳ್ಳು ಫುಲ್ ಕಡೆ ಏಳಬೇಕು. ನೇರ ಮುಟ್ಟಿಸಿ ಹಿಡಿಯಬೇಡ್ರಿ, ಒಳಗಿನ ಸಣ್ಣ ತಂತಿ ಸುಡುತ್ತದೆ. ನಡುವೆ 22 ಓಮಿನ ಎರಡು ವ್ಯಾಟ್ ರೆಸಿಸ್ಟರ್ ಇರಲಿ. ಮುಟ್ಟಿಸುವ ಜಾಗ ಟ್ಯಾಂಕಿನ ಬಾಯಿಂದ ದೂರ ಇರಲಿ, ಕಿಡಿ ಹಾರಬಹುದು. ಮುಳ್ಳು ಎದ್ದರೆ ಮೀಟರೂ ವೈರೂ ಸರಿ, ತಪ್ಪು ಫ್ಲೋಟಿನದು ಅಥವಾ ಟ್ಯಾಂಕಿನ ಅರ್ಥಿನದು. ಟ್ಯಾಂಕಿನ ಲೋಹದಿಂದ ಬಾಡಿಗೆ ಓಮ್ ಅಳೆಯಿರಿ, ಹೆಚ್ಚುಕಡಿಮೆ ಸೊನ್ನೆ ಬರಬೇಕು. ಟ್ಯಾಂಕಿಗೆ ದಪ್ಪ ಬಣ್ಣ ಬಳಿಸಿದ ಗಾಡಿಗಳಲ್ಲಿ ಇದೇ ಕೈಕೊಡುವುದು. ಮುಳ್ಳು ಏಳದಿದ್ದರೆ ಅದೇ ಪರೀಕ್ಷೆ ಮೀಟರಿನ ಬೆನ್ನಲ್ಲಿ ಮಾಡಿ. ಅಲ್ಲಿ ಎದ್ದರೆ ನಡುವಿನ ವೈರ್ ಕಡಿದಿದೆ.

ಫ್ಲೋಟ್ ತೆಗೆಯುವ ಮುಂಚೆ ಪೆಟ್ರೋಲ್ ಅರ್ಧಕ್ಕಿಂತ ಕೆಳಗಿಳಿಸಿ, ಬ್ಯಾಟರಿ ಕಳಚಿ, ಬಯಲಲ್ಲಿ ಕೆಲಸ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಶೆಡ್ಡಿನ ನೆಲದಲ್ಲಿ ಕೂತಿರುತ್ತದೆ. ಫ್ಲೋಟನ್ನು ಟ್ಯಾಂಕಿಗೆ ಹಿಡಿದಿರುವ ರಿಂಗ್ ಬಿಡಿಸಲು ಕಬ್ಬಿಣದ ಉಳಿ ಬೇಡ, ಹಿತ್ತಾಳೆ ಕಡ್ಡಿ ಅಥವಾ ಮರದ ಗೂಟ ಸಾಕು. ಹೊರಬಂದ ಫ್ಲೋಟಿಗೆ ಮಲ್ಟಿಮೀಟರ್ ಹಚ್ಚಿ ಕೈಯಿಂದ ನಿಧಾನಕ್ಕೆ ಎತ್ತಿ ಇಳಿಸಿ. ಓಮ್ ನಡುವೆ ಎಲ್ಲಿಯೂ ಕಡಿದುಹೋಗದೆ ಬದಲಾಗಬೇಕು. ಒಂದೇ ಜಾಗದಲ್ಲಿ ಕಡಿದುಹೋದರೆ ಸಂಪರ್ಕದ ಎಲೆಯನ್ನು ಒಂದು ಕೂದಲೆಳೆಯಷ್ಟು ಒಳಬಾಗಿಸಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆಯಿರಿ. ಹಿತ್ತಾಳೆ ಬುರುಡೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಲೊಳಲೊಳ ಅಂದರೆ ಪೆಟ್ರೋಲ್ ಕುಡಿದು ಮುಳುಗಿದೆ. ಅದಕ್ಕೆ ಬೆಸುಗೆ ಹಾಕಹೋಗಬೇಡ್ರಿ, ಒಳಗಿನ ಆವಿ ಸಿಡಿಯುತ್ತದೆ, ಹೊಸದು ಹಾಕಿಸಿ. ಕೂರಿಸುವಾಗ ಗ್ಯಾಸ್ಕೆಟ್ ಹೊಸದಿರಲಿ. ಮಾಮೂಲಿ ಸಿಲಿಕೋನ್ ಪೇಸ್ಟ್ ಪೆಟ್ರೋಲಿನಲ್ಲಿ ಉಬ್ಬಿ ಕಿತ್ತು ಬರುತ್ತದೆ.

ಟೆಂಪರೇಚರ್ ಮೀಟರಿಗೆ ಎಂಜಿನ್ನಿನಿಂದ ತೆಳ್ಳನೆಯ ತಾಮ್ರದ ಕೊಳವೆ ಬಂದಿದ್ದರೆ ಅದು ಕರೆಂಟಿನದಲ್ಲ, ಅದನ್ನು ಕತ್ತರಿಸಿದರೆ ಮೀಟರ್ ಕಥೆ ಮುಗಿಯಿತು. ಲೈಟಿಗೆ ಮುಳ್ಳು ಅಲುಗುವುದರಿಂದ ನಿಮ್ಮದು ವೈರಿನದ್ದೇ. ಅರ್ಥ್ ಸರಿಯಾದ ಮೇಲೂ ಹೆಚ್ಚು ತೋರಿಸಿದರೆ ಸೆಂಡರಿನ (ಎಂಜಿನ್ನಿನ ಬಿಸಿಯನ್ನು ಮೀಟರಿಗೆ ತಿಳಿಸುವ ಭಾಗ) ವೈರ್ ಕಳಚಿ, ಮುಳ್ಳು ಕೋಲ್ಡಿಗೆ ಬೀಳಬೇಕು. ಬೀಳದಿದ್ದರೆ ವೈರ್ ಎಲ್ಲೋ ಬಾಡಿಗೆ ತಾಗಿದೆ, ಮೊದಲು ಸೈಲೆನ್ಸರ್ ಮ್ಯಾನಿಫೋಲ್ಡ್ ಹತ್ತಿರ ಹುಡುಕಿ. ಸೆಂಡರಿನ ತಿರುಪಿನ ಎಳೆಗೆ ಟೆಫ್ಲಾನ್ ಟೇಪ್ ಸುತ್ತಬಾರದು, ಅದರ ಅರ್ಥ್ ಹೋಗುವುದು ಆ ಎಳೆಯಿಂದಲೇ.

ಈಗ ನಿಮ್ಮ ಎಲೆಕ್ಟ್ರೀಷಿಯನ್ ಹೇಳಿದ ಮಾತು. ವೈರನ್ನು ಬೆರಳಿಗೆ ಸುತ್ತಿ ನೋಡಿ. ಮೇಲ್ಪದರ ಬಿರಿದು ಉದುರಿದರೆ, ತುದಿ ಸುಲಿದಾಗ ತಾಮ್ರ ಕಪ್ಪಗಿದ್ದರೆ ಅವರು ಹೇಳಿದ್ದು ಸರಿ. ಬಾಗಿದರೂ ಬಿರಿಯದಿದ್ದರೆ ಕೆಟ್ಟ ತುಂಡು ಮಾತ್ರ ಬದಲಿಸಿ. ಮೀಟರ್, ಇಂಡಿಕೇಟರ್, ಹಿಂದಿನ ಲೈಟಿಗೆ 1 ಚದರ ಮಿ.ಮೀ., ಹೆಡ್‌ಲೈಟಿಗೆ 2.5, ಬ್ಯಾಟರಿಯಿಂದ ಬರುವ ಮುಖ್ಯ ವೈರಿಗೆ 6. ಮನೆ ವೈರಿಂಗಿನ ಒಂಟಿ ಎಳೆಯ ತಂತಿ ಬೇಡವೇ ಬೇಡ, ಅದುರಿ ಅದುರಿ ಕಡಿಯುತ್ತದೆ. ಮಾಮೂಲಿ ಇನ್ಸುಲೇಷನ್ ಟೇಪೂ ಬೇಡ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೇ 42-43 ಡಿಗ್ರಿ, ಗಾಜು ಏರಿಸಿದ ಗಾಡಿಯ ಡ್ಯಾಶ್ ಒಳಗೆ ಅದರ ಅಂಟು ಬೆಲ್ಲದ ಪಾಕದ ಹಾಗೆ ಇಳಿದು ಸುತ್ತು ಬಿಚ್ಚುತ್ತದೆ. ಹೀಟ್ ಶ್ರಿಂಕ್ ಸ್ಲೀವ್ ಹಾಕಿ, ಮೇಲೆ ಬಟ್ಟೆ ಟೇಪ್ ಸುತ್ತಿ.

ಗಾಜಿನ ಫ್ಯೂಸಿನಲ್ಲಿ ಒಂದು ಮೋಸ ಇದೆ. ಲೂಕಾಸ್ 35 ಆಂಪ್ ಅಂದರೆ 35ಕ್ಕೆ ಸುಡುತ್ತದೆ ಅಂತ, ಸದಾ ಹರಿಯಬಹುದಾದದ್ದು 17 ಮಾತ್ರ. ಬೇರೆ ಪದ್ಧತಿಯಲ್ಲಿ 35 ಅಂತ ಬರೆದ ಫ್ಯೂಸ್ ಸದಾ 35 ತಡೆಯುತ್ತದೆ, ಅದು ಸುಡುವ ಮುಂಚೆ ನಿಮ್ಮ ವೈರ್ ಸುಡುತ್ತದೆ. ಆ ಜಾಗಕ್ಕೆ 15 ಅಥವಾ 20 ಹಾಕಿ. ಡ್ಯಾಶಿನಲ್ಲಿ ಆಂಪ್ ಮೀಟರ್ ಇದ್ದರೆ ಅದರ ಹಿಂದಿನ ಎರಡು ನಟ್ ಬಿಗಿ ಇವೆಯಾ ನೋಡಿ, ಸ್ಟಾರ್ಟರ್ ಬಿಟ್ಟು ಬಹುಪಾಲು ಕರೆಂಟು ಅಲ್ಲಿಂದಲೇ ಹಾಯುತ್ತದೆ. ಮೀಟರ್ ಬಲ್ಬಿಗೆ ಎಲ್‌ಇಡಿ ಹಾಕುವುದಾದರೆ ಹಾಕಿ, ಆದರೆ ಡೈನಮೋ ತೆಗೆದು ಆಲ್ಟರ್ನೇಟರ್ ಕೂರಿಸಿದ್ದರೆ ಚಾರ್ಜಿಂಗ್ ಕೆಂಪು ದೀಪ ಹಳೆಯ 2.2 ವ್ಯಾಟ್ ಬಲ್ಬೇ ಇರಲಿ. ಆಲ್ಟರ್ನೇಟರ್ ಎಚ್ಚರಗೊಳ್ಳುವುದು ಆ ಬಲ್ಬಿನಿಂದ ಹರಿಯುವ ಕರೆಂಟಿನಿಂದ.

ಎಲ್ಲ ಕೂಡಿಸಿದ ಮೇಲೆ ಬ್ಯಾಟರಿಯ ಮೈನಸ್ಸನ್ನು ನೇರ ಹಚ್ಚಬೇಡ್ರಿ. ಕೀಲಿ ತೆಗೆದು, ಬಾಗಿಲು ಮುಚ್ಚಿ, ಕಂಬಕ್ಕೂ ಕ್ಲಾಂಪಿಗೂ ನಡುವೆ ಆ 21 ವ್ಯಾಟ್ ಟೆಸ್ಟ್ ಲ್ಯಾಂಪ್ ಸಿಕ್ಕಿಸಿ. ಬಲ್ಬು ಉರಿಯದಿದ್ದರೆ ಕ್ಲಾಂಪ್ ಬಿಗಿ ಮಾಡಿ. ಪೂರ್ತಿ ಬೆಳಗಿದರೆ ಎಲ್ಲೋ ಶಾರ್ಟ್ ಇದೆ. ಬಲ್ಬು ಅಡ್ಡ ಇರುವುದರಿಂದ ವೈರ್ ಸುಡುವುದಿಲ್ಲ. ಫ್ಯೂಸ್ ಒಂದೊಂದಾಗಿ ತೆಗೆಯುತ್ತಾ, ಆಮೇಲೆ ಫ್ಯೂಸ್ ಇಲ್ಲದ ಕಂದು ವೈರುಗಳನ್ನು ಒಂದೊಂದಾಗಿ ಬಿಡಿಸುತ್ತಾ ಬನ್ನಿ. ಯಾವುದನ್ನು ಬಿಡಿಸಿದಾಗ ಬಲ್ಬು ಆರುತ್ತದೋ ಶಾರ್ಟ್ ಅದರಲ್ಲೇ.