ಇತಿಹಾಸದ ಹುಚ್ಚಿರುವವರು ಐತಿಹಾಸಿಕ ಸಿನಿಮಾಗಳನ್ನು ಹೇಗೆ ನೋಡುತ್ತಾರೆ?

ಇತಿಹಾಸ ಓದಿಕೊಂಡವರಿಗೆ ಐತಿಹಾಸಿಕ ಸಿನಿಮಾ ನೋಡುವಾಗ ತಪ್ಪುಗಳೇ ಕಣ್ಣಿಗೆ ಬಿದ್ದು ಖುಷಿ ಹಾಳಾಗುವುದಿಲ್ಲವೇ, ಹಳೆಯ ದಿನಗಳ ನೆನಪು ತರುವ ಚಿತ್ರಗಳ ಬಗ್ಗೆ ಏನನ್ನಿಸುತ್ತದೆ ಎಂದು ಕೇಳಿದ್ದೀರಿ. ಕನ್ನಡದ ಚಿತ್ರಗಳನ್ನೇ ಇಟ್ಟುಕೊಂಡು ಹೇಳುತ್ತೇನೆ.

ಉಡುಪು, ಕಿರೀಟ, ಅರಮನೆಯ ತಪ್ಪುಗಳು ನನ್ನನ್ನು ಕಾಡುವುದಿಲ್ಲ. ಮಖಮಲ್ ಅಂಗಿ, ಮಿರಿಮಿರಿ ಮಿಂಚುವ ಕತ್ತಿ, ಉದ್ದುದ್ದ ಮಾತು ಎಲ್ಲವೂ ಕಂಪನಿ ನಾಟಕದಿಂದ ಬಂದ ಆಸ್ತಿ. 1960ರ 'ರಣಧೀರ ಕಂಠೀರವ' ಚಿತ್ರವನ್ನು ಕೈಯಿಂದ ದುಡ್ಡು ಹಾಕಿ ಮಾಡಿದ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ರಂಗಭೂಮಿಯಲ್ಲಿ ಬೆಳೆದವರು. ಅವರಿಗೆ ರಾಜ ಎಂದರೆ ಹಾಗೇ ಕಾಣಬೇಕಿತ್ತು. ಭಾಷೆಯದೂ ಅಷ್ಟೇ. ಕದಂಬರ ಕಾಲದ ಕನ್ನಡವನ್ನೇ ಆಡಿಸಿದರೆ ನಮಗೆ ಒಂದು ವಾಕ್ಯವೂ ಅರ್ಥವಾಗುವುದಿಲ್ಲ.

ನನಗೆ ನಿಜವಾಗಿ ಬೇಸರ ತರುವುದು ಬೇರೆ. ಶಾಸನದಲ್ಲಿ ಇರುವ ಕಥೆ ಸಿನಿಮಾ ಕಥೆಗಿಂತ ಚೆನ್ನಾಗಿದ್ದು, ಅದನ್ನು ಬಿಟ್ಟುಬಿಟ್ಟಾಗ.

1975ರ 'ಮಯೂರ' ತಗೊಳ್ಳಿ. ಆ ಚಿತ್ರದ ಮೇಲೆ ನನಗೆ ತುಂಬಾ ಪ್ರೀತಿ ಇದೆ. ಕದಂಬರ ಹೆಸರು ಮನೆಮನೆಗೆ ಮುಟ್ಟಿದ್ದೇ ಅದರಿಂದ. ಆದರೆ ಚಿತ್ರದ ಮಯೂರ ಹುಟ್ಟಿನಿಂದಲೇ ರಾಜಕುಮಾರ. ಅದು ಅವನಿಗೇ ಗೊತ್ತಿರುವುದಿಲ್ಲ, ಆಮೇಲೆ ತಿಳಿಯುತ್ತದೆ, ಕಳೆದುಹೋದ ರಾಜ್ಯವನ್ನು ವಾಪಸ್ ಪಡೆಯುತ್ತಾನೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದಲ್ಲಿರುವ ಶಾಸನ ಬೇರೆಯದೇ ಹೇಳುತ್ತದೆ. ಐದನೇ ಶತಮಾನದಲ್ಲಿ ಕುಬ್ಜ ಎಂಬ ಕವಿ ಬರೆದದ್ದು. ಮನೆಯ ಹತ್ತಿರ ಒಂದು ಕದಂಬ ಮರ ಇದ್ದ ಬ್ರಾಹ್ಮಣರ ಕುಟುಂಬ. ಅಲ್ಲಿಯ ಹುಡುಗ ಮಯೂರಶರ್ಮ ತನ್ನ ಗುರು ವೀರಶರ್ಮನ ಜೊತೆ ಓದಲು ಕಂಚಿಯ ಘಟಿಕೆಗೆ, ಅಂದರೆ ವಿದ್ಯಾಪೀಠಕ್ಕೆ, ಹೋಗುತ್ತಾನೆ. ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಗುತ್ತದೆ, ಅವಮಾನವಾಗುತ್ತದೆ. ದರ್ಭೆ ಹಿಡಿದು ಅಭ್ಯಾಸವಾಗಿದ್ದ ಕೈ ಕತ್ತಿ ಹಿಡಿಯುತ್ತದೆ. ಅವನು ಶ್ರೀಪರ್ವತದ ಕಾಡುಗಳಲ್ಲಿ ಬೀಡುಬಿಟ್ಟು, ಬಾಣರೆಂಬ ಅರಸುಮನೆತನದಿಂದ ಕಪ್ಪ ವಸೂಲಿ ಮಾಡಿ, ಪಲ್ಲವರನ್ನು ಎಷ್ಟು ಸತಾಯಿಸುತ್ತಾನೆಂದರೆ ಕೊನೆಗೆ ಅವರೇ ರಾಜಿಗೆ ಬರುತ್ತಾರೆ.

ರಾಜನ ಮಗ ರಾಜನಾದರೆ ಅದರಲ್ಲಿ ಏನು ವಿಶೇಷ? ಓದಲು ಹೋದ ವಿದ್ಯಾರ್ಥಿಯೊಬ್ಬ ರಾಜವಂಶ ಕಟ್ಟಿದ ಅನ್ನುವುದೇ ಇಲ್ಲಿ ಮೈ ಜುಮ್ಮೆನ್ನಿಸುವ ಸಂಗತಿ, ಅಲ್ವಾ? ಹುಟ್ಟಿನ ಗುಟ್ಟು ಸೇರಿಸಿದ ಕೂಡಲೇ ಅದು ಕೈತಪ್ಪಿ ಹೋಯಿತು.

1964ರ 'ಅಮರಶಿಲ್ಪಿ ಜಕಣಾಚಾರಿ'ಯದೂ ಇದೇ ಕಥೆ. ಪೂರ್ತಿ ಬಣ್ಣದಲ್ಲಿ ಬಂದ ಮೊದಲ ಕನ್ನಡ ಚಿತ್ರ ಅದು, ಆ ಗೌರವ ಅದಕ್ಕೆ ಸಲ್ಲಲೇಬೇಕು. ಕಲ್ಲೊಳಗಿನ ಕಪ್ಪೆಯ ಕಥೆಯೂ ಸೊಗಸಾಗಿದೆ. ಆದರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇವಾಲಯದ ಬರಹಗಳಲ್ಲಿ ಜಕಣಾಚಾರಿ ಎಂಬ ಹೆಸರೇ ಸಿಗುವುದಿಲ್ಲ. ಸಿಗುವುದು ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮತ್ತು ಇನ್ನೂ ಎಷ್ಟೋ ಜನ. ತಾವು ಕೆತ್ತಿದ ಮೂರ್ತಿಯ ಕೆಳಗೆ ಹೆಸರು ಕೊರೆದಿದ್ದಾರೆ. ಕೆಲವರು ತಮಗಿದ್ದ ಬಿರುದನ್ನೂ ಬಿಟ್ಟಿಲ್ಲ. ಭಾರತದ ಹಳೆಯ ಕಲೆಯಲ್ಲಿ ಕೆಲಸಗಾರರು ಹೀಗೆ ಹೆಸರು ಹೇಳಿಕೊಂಡದ್ದು ಅಪರೂಪ. ಅಪ್ಪ ಮತ್ತು ಮಗ ಒಂದೇ ಗುಡಿಯಲ್ಲಿ, ಪೈಪೋಟಿಯ ಶಿಲ್ಪಿಗಳ ನಡುವೆ ಉಳಿ ಹಿಡಿದು ಕೂತ ಚಿತ್ರ ಯಾರಾದರೂ ಮಾಡಲಿ ಎಂದು ನನಗೆ ಬಹಳ ಆಸೆ.

ರಾಜರನ್ನೇ ತೋರಿಸುವುದಾದರೂ ದೇವರ ಪಟದ ಹಾಗೆ ಯಾಕೆ ತೋರಿಸಬೇಕು? ಪೋರ್ಚುಗೀಸ್ ಪ್ರವಾಸಿ ಪಾಯೆಸ್ 1520ರ ಆಸುಪಾಸಿನಲ್ಲಿ ಕೃಷ್ಣದೇವರಾಯನನ್ನು ಕಣ್ಣಾರೆ ನೋಡಿ ಬರೆದಿದ್ದಾನೆ. ಸಾಧಾರಣ ಎತ್ತರ, ಸ್ವಲ್ಪ ದಪ್ಪ ಮೈ, ಮುಖದ ಮೇಲೆ ಸಿಡುಬಿನ ಕಲೆ. ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈಗೆ ಹಚ್ಚಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ಕುಸ್ತಿ ಮಾಡಿ, ಆಮೇಲೆ ಕುದುರೆ ಓಡಿಸುತ್ತಿದ್ದನಂತೆ. ಸಿಡುಬಿನ ಕಲೆ ಇರುವ ರಾಯನನ್ನು ತೆರೆಯ ಮೇಲೆ ನಾನಂತೂ ನೋಡಿಲ್ಲ. ನೋಡಿದರೆ ಅವನ ಮೇಲಿನ ಗೌರವ ಜಾಸ್ತಿಯೇ ಆಗುತ್ತದೆ.

ಹಾಗಂತ ಸಿನಿಮಾ ಸರಿಯಾಗಿ ಹಿಡಿದ ಉದಾಹರಣೆ ಇಲ್ಲ ಎಂದಲ್ಲ. 1972ರ 'ನಾಗರಹಾವು' ಐತಿಹಾಸಿಕ ಚಿತ್ರವೇ ಅಲ್ಲ. ಅದರೊಳಗೆ ಜಯಂತಿಯವರು ಓಬವ್ವನಾಗಿ ಬರುವ ಒಂದು ಹಾಡು ಇದೆ, ಅಷ್ಟೇ. ಕಾವಲುಗಾರನ ಹೆಂಡತಿ, ಕೈಯಲ್ಲಿ ಒನಕೆ, ಕೋಟೆಯ ಕಿಂಡಿ. ಪುಟ್ಟಣ್ಣ ಕಣಗಾಲರು ಓಬವ್ವನಿಗೆ ರಾಜರಕ್ತ ಅಂಟಿಸಲಿಲ್ಲ. ಆ ಕೆಲವು ನಿಮಿಷಗಳು ಓಬವ್ವನನ್ನು ಇಡೀ ನಾಡಿನ ಮನಸ್ಸಿನಲ್ಲಿ ಕೂರಿಸಿದವು.

ಇನ್ನು 'ಕೆಜಿಎಫ್'. ಅದು ಕಲ್ಪನೆ ಎಂದು ಗೊತ್ತಿದ್ದೇ ನೋಡುತ್ತೇವೆ, ಹಾಗಾಗಿ ಅದರ ಮೇಲೆ ಇತಿಹಾಸದ ಲೆಕ್ಕ ಹಾಕುವುದು ಸರಿಯಲ್ಲ. ಆದರೆ ಆ ಚಿತ್ರ ನೋಡಿ ಕೋಲಾರದ ಚಿನ್ನದ ಗಣಿ 1951ರಲ್ಲಿ ಸಿಕ್ಕಿತು ಎಂದು ಈಗ ನಂಬುವವರಿದ್ದಾರೆ. ಬ್ರಿಟಿಷರ ಗಣಿ ಕಂಪನಿ ಜಾನ್ ಟೇಲರ್ 1880ರಿಂದಲೇ ಅಲ್ಲಿತ್ತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟ್ ಬಂತು, ಬೆಂಗಳೂರಿಗಿಂತ ಮೊದಲು. ಮೂರು ಕಿಲೋಮೀಟರಿಗೂ ಆಳದಲ್ಲಿ, ಸುಡುವ ಬಿಸಿಯಲ್ಲಿ, ಶ್ವಾಸಕೋಶ ತಿನ್ನುವ ಕಲ್ಲಿನ ಧೂಳಿನಲ್ಲಿ ಕಾರ್ಮಿಕರು ದುಡಿದರು. 2001ರಲ್ಲಿ ಗಣಿ ಮುಚ್ಚಿತು. ಆ ಜನರ ಕಥೆಗೆ ಖಳನಾಯಕನ ಅಗತ್ಯವೂ ಇಲ್ಲ.

ಹಳೆಯ ನೆನಪಿನ ಚಿತ್ರಗಳನ್ನು ಇನ್ನೂ ಎಚ್ಚರದಿಂದ ನೋಡುತ್ತೇನೆ. 'ಮಾಲ್ಗುಡಿ ಡೇಸ್' ಅಂದರೆ ನನಗೂ ಪ್ರಾಣ. ಶಂಕರ್ ನಾಗ್ ಆಗುಂಬೆಯ ಬೀದಿಗಳನ್ನೇ ಮಾಲ್ಗುಡಿ ಮಾಡಿದರು. ಅಲ್ಲಿ ರೈಲಿಲ್ಲವೆಂದು ಅರಸಾಳು ನಿಲ್ದಾಣವನ್ನು ಬಳಸಿಕೊಂಡರು. ಬ್ರಿಟಿಷರ ಕಾಲದ ಊರು ಅದು, ಆದರೆ ಇವತ್ತು ಅದನ್ನು ನೋಡಿ ಕಣ್ಣು ತುಂಬಿಕೊಳ್ಳುವ ಹೆಚ್ಚಿನವರಿಗೆ ನೆನಪಾಗುವುದು ಎಂಬತ್ತರ ದಶಕದ ದೂರದರ್ಶನದ ಸಂಜೆಗಳು. ಅದರಲ್ಲಿ ತಪ್ಪಿಲ್ಲ. 'ಆಗ ಎಲ್ಲ ಚೆನ್ನಾಗಿತ್ತು' ಎಂದು ಶುರುವಾದಾಗ ಮಾತ್ರ ನಾನು 'ಚೋಮನ ದುಡಿ' ನೋಡಿ ಎನ್ನುತ್ತೇನೆ. ಅಲ್ಲೂ ಹಸಿರು ಗದ್ದೆ ಇದೆ, ಮಳೆ ಇದೆ, ಹಳ್ಳಿ ಇದೆ. ಎತ್ತು ಇರುವ ಚೋಮನಿಗೆ ಉಳಲು ಒಂದು ತುಂಡು ಭೂಮಿ ಮಾತ್ರ ಸಿಗುವುದಿಲ್ಲ, ಅವನ ಜಾತಿಯ ಕಾರಣಕ್ಕೆ. ಕಾರಂತರು ಆ ಕಾದಂಬರಿ ಬರೆದದ್ದು 1933ರಲ್ಲಿ, ಹೆಚ್ಚುಕಡಿಮೆ ಮಾಲ್ಗುಡಿಯ ಕಾಲದಲ್ಲೇ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಆ ಕಾಲ ಪೂರ್ತಿ ಸಿಗುತ್ತದೆ.

ಹಳೆಯ ಚಿತ್ರಗಳಿಗೆ ಬಣ್ಣ ತುಂಬುವುದರ ಬಗ್ಗೆಯೂ ಒಂದು ಮಾತು. 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಬಂದಾಗ ಹೊಸಬರು ಚಿತ್ರಮಂದಿರಕ್ಕೆ ಬಂದರು, ಒಳ್ಳೆಯದೇ. ನನಗೆ ಮಾತ್ರ ಕಪ್ಪು ಬಿಳುಪೇ ಸಾಕು. ಆ ನೆರಳು ಬೆಳಕನ್ನು ಲೆಕ್ಕ ಹಾಕಿಯೇ ತೆಗೆದಿರುತ್ತಾರೆ.

ಎಲ್ಲಿಂದ ಶುರು ಮಾಡಲಿ ಎಂದರೆ, 'ಮಯೂರ' ನೋಡಿ, ಆಮೇಲೆ ತಾಳಗುಂದಕ್ಕೆ ಹೋಗಿ. ಪ್ರಣವೇಶ್ವರ ಗುಡಿಯ ಮುಂದೆಯೇ ಕಂಬ ನಿಂತಿದೆ. ಪಕ್ಕದಲ್ಲೇ ಬಳ್ಳಿಗಾವಿ, ದಾಸೋಜನ ಊರು. ಕೇದಾರೇಶ್ವರ ಗುಡಿ ನೋಡದೆ ಬರಬೇಡಿ. ಅಷ್ಟು ದೂರ ಆಗುವುದಿಲ್ಲ ಎಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಹತ್ತನೇ ಶತಮಾನದ್ದು. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರ ಎಂಬ ವೀರ ಬಹುಮಾನವಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದ. ಕಾಳಿ ದೊಡ್ಡ ಹಂದಿಯ ಜೊತೆ ಹೋರಾಡಿ ಸತ್ತಿತು, ಹಂದಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟು, ಪೂಜೆ ಮಾಡದೆ ಗೊರವ (ಶೈವ ಪೂಜಾರಿ) ಊಟ ಮಾಡಕೂಡದು ಎಂದು ಬರೆಸಿದರು. ಹಂದಿಯನ್ನು ಎದುರಿಸುತ್ತಿರುವ ನಾಯಿಯನ್ನು ಆ ಕಲ್ಲಿನಲ್ಲೇ ಕೆತ್ತಿದ್ದಾರೆ. ಸಿನಿಮಾ ಮಾಡುವ ಸ್ನೇಹಿತರು ಯಾರಾದರೂ ಇದ್ದರೆ ಅವರನ್ನೂ ಕರೆದುಕೊಂಡು ಹೋಗಿ.