ಎತ್ತರದ ಸರೋವರದಲ್ಲಿ ಕಯಾಕ್: ಅಂಜಬೇಕಾದ್ದು ತಣ್ಣೀರಿಗೆ

ಪ್ರಶ್ನೆ: ಶರಾವತಿ ಹಿನ್ನೀರಿನ ಹೊನ್ನೆಮರಡುವಿನಲ್ಲಿ ಕಯಾಕ್ ನಡೆಸಿ ಅಭ್ಯಾಸವಿರುವ ನಾವು ಮೂವರು ಗೆಳೆಯರು ಜುಲೈಯಲ್ಲಿ ಲಡಾಖಿಗೆ ಹೊರಟಿದ್ದು, ಗಾಳಿ ತುಂಬುವ ಕಯಾಕ್ ಒಯ್ದು ಪಾಂಗಾಂಗ್ ಸರೋವರಕ್ಕೆ ಇಳಿಸಬೇಕೆಂದಿದ್ದೇವೆ. ಅಷ್ಟು ಎತ್ತರದಲ್ಲಿ ದೋಣಿ ಸರಿಯಾಗಿ ತೇಲುವುದೇ? ಹುಟ್ಟು ಹಾಕಲು ಉಸಿರು ಸಾಲುವುದೇ?
– ಓದುಗರೊಬ್ಬರು, ಜಯನಗರ, ಬೆಂಗಳೂರು

ಉತ್ತರ: ದೋಣಿ ತೇಲುವುದು ನೀರಿನ ಸಾಂದ್ರತೆಯ ಮೇಲೆಯೇ ಹೊರತು ಸ್ಥಳದ ಎತ್ತರದ ಮೇಲಲ್ಲ, ಪಾಂಗಾಂಗಿನ ನೀರು ತುಸು ಉಪ್ಪಾದ್ದರಿಂದ ಅಲ್ಲಿ ಕೂದಲೆಳೆಯಷ್ಟು ಹೆಚ್ಚೇ ತೇಲೀತು. ಉಸಿರಿನ ವಿಷಯ ಹಾಗಲ್ಲ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಿಂದ ವಿಮಾನದಲ್ಲಿ 3,500 ಮೀಟರಿನ ಲೇಹ್‌ನಲ್ಲಿ ಇಳಿದು, ವಾಯುಭಾರವು ಸಮುದ್ರಮಟ್ಟದ ಶೇ 60ರಷ್ಟಿರುವ 4,250 ಮೀಟರಿನ ಆಸುಪಾಸಿನ ಪಾಂಗಾಂಗಿಗೆ ಮರುದಿನವೇ ಏರುವುದು ದೇಹಕ್ಕೆ ಒಗ್ಗುವುದಿಲ್ಲ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂಬ ನಿಯಮವನ್ನು ಪಾಲಿಸಿ. ತಲೆನೋವು, ವಾಕರಿಕೆ ಇರುವ ದಿನ ನೀರಿಗಿಳಿಯುವ ಮಾತೇ ಬೇಡ.

ನೀವು ಕೇಳದೆ ಬಿಟ್ಟಿರುವ ಸಂಗತಿಯೇ ನಿಜವಾದ ಅಪಾಯ. ಹಿಮ ಕರಗಿ ಬರುವ ಆ ನೀರು ಬೇಸಿಗೆಯಲ್ಲೂ ಕೊರೆಯುತ್ತದೆ. ಅದರಲ್ಲಿ ಬಿದ್ದವನು ತನಗೆ ಅರಿವಿಲ್ಲದೆಯೇ ಏದುಸಿರೆಳೆಯುತ್ತಾನೆ. ಆ ಕ್ಷಣ ಬಾಯಿ ನೀರೊಳಗಿದ್ದರೆ, ಎಂಥ ಈಜುಗಾರನಾದರೂ ಮುಳುಗಬಹುದು. ಮೊದಲ ಒಂದು ನಿಮಿಷ ಉಸಿರು ಹಿಡಿತಕ್ಕೆ ಬಾರದು, ಹತ್ತು ನಿಮಿಷದೊಳಗೆ ಕೈಕಾಲು ಮಾತು ಕೇಳದಾಗುತ್ತವೆ, ಮೈಯ ಬಿಸಿ ಇಳಿದು ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ ಹಿಡಿಯುತ್ತದೆ ಎಂಬ ಲೆಕ್ಕವನ್ನು ತಣ್ಣೀರಿನ ತರಬೇತಿಯಲ್ಲಿ ಕಲಿಸುತ್ತಾರೆ. ಅನುಮಾನವಿದ್ದರೆ ಮನೆಯಲ್ಲೇ ಬಕೆಟ್ ನೀರಿಗೆ ಐಸ್ ಸುರಿದು ಎರಡು ನಿಮಿಷ ಕೈ ಅದ್ದಿಟ್ಟು, ಕೂಡಲೇ ಲೈಫ್ ಜಾಕೆಟ್ಟಿನ ಬಕಲ್ ಹಾಕಲು ನೋಡಿ. ನೀರಿಗಿಳಿಯುವ ಮುನ್ನವೇ ಜಾಕೆಟ್ ಬಿಗಿದಿರಬೇಕೆಂದು ಯಾರೂ ಮತ್ತೆ ಹೇಳಬೇಕಾಗದು. ಉಡುಪು ಬಿಸಿಲಿಗಲ್ಲ, ನೀರಿಗೆ ತಕ್ಕಂತಿರಲಿ: ಮೈಯ ಬಿಸಿ ಕಾಯುವ ದಪ್ಪ ರಬ್ಬರಿನ ವೆಟ್‌ಸೂಟ್, ಇನ್ನೂ ಮೇಲೆಂದರೆ ನೀರು ಒಳಬಾರದ ಡ್ರೈಸೂಟ್. ಶರಾವತಿ ಹಿನ್ನೀರಿನಲ್ಲಿ ಮಗುಚಿ ನಗುತ್ತಾ ಎದ್ದ ಅನುಭವ ಇಲ್ಲಿ ಲೆಕ್ಕಕ್ಕಿಲ್ಲ. ಆದರೆ ಮಗುಚಿದ ದೋಣಿಗೆ ಮರಳಿ ಹತ್ತುವುದನ್ನು ಕಲಿಯಲು ಆ ಹಿನ್ನೀರಿಗಿಂತ ಒಳ್ಳೆಯ ಜಾಗವಿಲ್ಲ. ಹೊರಡುವ ಮೊದಲು ಅಲ್ಲಿ ಅದನ್ನು ಕರಗತ ಮಾಡಿಕೊಳ್ಳಿ.

ಇನ್ನು ಗಾಳಿ. ಬೆಟ್ಟದ ಇಳಿಜಾರುಗಳು ಕಾದಂತೆ ಮಧ್ಯಾಹ್ನ ಕಣಿವೆಯಲ್ಲಿ ಗಾಳಿ ಏಳುತ್ತದೆ. ಸುಮಾರು 134 ಕಿಲೋಮೀಟರ್ ಉದ್ದದ ಸರೋವರದಲ್ಲಿ ಅದು ಅಲೆಯನ್ನು ಬೆಳೆಸಲು ಹೆಚ್ಚು ಹೊತ್ತು ಬೇಡ. ಗಾಳಿ ತುಂಬಿದ ಹಗುರ ದೋಣಿಯನ್ನಂತೂ ಅದು ತರಗೆಲೆಯಂತೆ ಒಯ್ಯುತ್ತದೆ. ಆದ್ದರಿಂದ ಬೆಳಿಗ್ಗೆಯೇ ಇಳಿದು, ದಡಕ್ಕೆ ಸಮಾನಾಂತರವಾಗಿ ಸಾಗಿ, ಮಧ್ಯಾಹ್ನಕ್ಕೆ ಮೊದಲೇ ಮೇಲೇರಿ.

ಇಷ್ಟೆಲ್ಲ ಹೇಳಿದ ಮೇಲೂ, ಪಾಂಗಾಂಗಿಗೆ ನಿಮ್ಮ ದೋಣಿ ಬೇಡವೆಂದೇ ನನ್ನ ಸಲಹೆ. ಭಾರತ–ಚೀನಾ ನಡುವಿನ ವಾಸ್ತವಿಕ ನಿಯಂತ್ರಣ ರೇಖೆ ಆ ಸರೋವರದ ಮೇಲೆಯೇ ಹಾಯುತ್ತದೆ. ಅಲ್ಲಿ ಸ್ವಂತ ದೋಣಿ ಇಳಿಸುವುದು ಆಡಳಿತದ ಲಿಖಿತ ಅನುಮತಿಯಿಲ್ಲದೆ ಯೋಚಿಸುವ ಸಂಗತಿಯಲ್ಲ. ಶ್ರೀನಗರದ ದಾಲ್ ಸರೋವರ ಸುಮಾರು 1,600 ಮೀಟರ್ ಎತ್ತರದಲ್ಲಿದ್ದು, ಪರ್ವತದ ನೀರಿನ ರುಚಿ ನೋಡಲು ಮೊದಲು ಅದೇ ಸಾಕು.

ಪ್ರಶ್ನೆ: ಪರ್ವತ ಪ್ರದೇಶದ ಅಣೆಕಟ್ಟೆಯ ಹಿನ್ನೀರು ಸರೋವರಕ್ಕಿಂತ ಸುರಕ್ಷಿತವಲ್ಲವೇ?
– ಓದುಗರೊಬ್ಬರು, ಮಲ್ಲೇಶ್ವರ, ಬೆಂಗಳೂರು

ಉತ್ತರ: ಎತ್ತರ ಕಡಿಮೆಯಾದರೆ ಉಸಿರಿನ ತೊಂದರೆ ಕಡಿಮೆ, ಅಷ್ಟೇ. ತೆಹ್ರಿ, ಗೋವಿಂದ ಸಾಗರದಂಥ ಜಲಾಶಯಗಳಲ್ಲಿ ನೀರಿನ ಮಟ್ಟ ಏರಿಳಿಯುತ್ತಿರುತ್ತದೆ. ಮಟ್ಟ ಇಳಿದಾಗ ಕಡಿದಾದ ಕೆಸರು ದಡ ಎದುರಾಗಿ, ಬೆಳಿಗ್ಗೆ ಇಳಿದ ಕಡೆಯೇ ಸಂಜೆ ಹತ್ತಲಾಗದೆ ಹೋಗಬಹುದು. ಅಣೆಕಟ್ಟೆಯ ತೂಬು ಮತ್ತು ಕೋಡಿಯ ಕಡೆಗೆ ಹೋಗಲೇಬೇಡಿ. ಮೇಲ್ಮೈ ಶಾಂತವಾಗಿದ್ದರೂ ಕೆಳಗೆ ಸೆಳೆತವಿರುತ್ತದೆ.